ಬಜಾರಿನ ಕೂಗು, ಬ್ಲಾಗಿನ ಬಾಗಿಲು

ಹಂಪಿಯ ವಿರೂಪಾಕ್ಷ ಗುಡಿಯ ದೊಡ್ಡ ಗೋಪುರಕ್ಕೆ ಬೆನ್ನು ಮಾಡಿ ಪೂರ್ವಕ್ಕೆ ನೋಡುತ್ತ ನಿಂತರೆ ಕಣ್ಣೆದುರಿಗೆ ಮುಕ್ಕಾಲು ಕಿಲೋಮೀಟರಿನಷ್ಟು ಉದ್ದದ ನೇರ ಬೀದಿ. ಅದರ ಕೊನೆಯಲ್ಲಿ, ಮತಂಗ ಪರ್ವತದ ಬುಡದಲ್ಲಿ, ಎದುರು ಬಸವಣ್ಣ. ಎರಡೂ ಬದಿಗೆ ಕಲ್ಲುಕಂಬದ ಮಂಟಪಗಳ ಸಾಲು. ಚೈತ್ರದಲ್ಲಿ ತೇರು ಎಳೆಯುವುದು ಇದೇ ಬೀದಿಯಲ್ಲಿ. ಹಂಪಿಯಲ್ಲಿ ಇಂಥ ಬಜಾರು ಇದೊಂದೇ ಅಲ್ಲ. ಕೃಷ್ಣನ ಗುಡಿಯ ಮುಂದೆ ಒಂದಿದೆ, ಅಚ್ಯುತರಾಯನ ಗುಡಿಯ ಮುಂದೆ ಒಂದಿದೆ, ವಿಠ್ಠಲನ ಗುಡಿಯ ಮುಂದೆ ಇನ್ನೂ ಉದ್ದನೆಯದೊಂದಿದೆ. ದೊಡ್ಡ ಗುಡಿ ಎಲ್ಲೆಲ್ಲಿ ಎದ್ದಿತೋ ಅಲ್ಲೆಲ್ಲ ಅದರ ಮುಂದೆ ಬಜಾರೂ ಎದ್ದಿತು. ಒಳಗೆ ದೇವರಿದ್ದಾನೆ, ಜನ ತಾವಾಗಿಯೇ ಬರುತ್ತಾರೆ ಎಂದು ವಿಜಯನಗರದ ಅರಸರೂ ಸುಮ್ಮನೆ ಕೂತಂತೆ ಕಾಣುವುದಿಲ್ಲ.

ಈ ಬೀದಿ ನನಗೆ ನೆನಪಾದದ್ದು ಇತಿಹಾಸದ ಪುಸ್ತಕ ಓದುವಾಗಲ್ಲ. ನನ್ನ ಬ್ಲಾಗಿಗೆ ವಾರದಲ್ಲಿ ಎಷ್ಟು ಮಂದಿ ಬಂದುಹೋದರು ಎಂದು ತೋರಿಸುವ ಪುಟವನ್ನು ಒಂದು ರಾತ್ರಿ ನೋಡುತ್ತ ಕುಳಿತಿದ್ದೆ. ಬಂದವರನ್ನು ಕೈಬೆರಳಲ್ಲಿ ಎಣಿಸಬಹುದಾಗಿತ್ತು. ಅದರಲ್ಲಿ ಎರಡು ಬೆರಳು ನನ್ನವೇ. ಗುಡಿ ಕಟ್ಟಿಯಾಗಿತ್ತು, ಬಜಾರು ಇರಲಿಲ್ಲ.

ಪತ್ರಿಕೆಯನ್ನಷ್ಟೇ ಓದುವ ಹಿರಿಯರಿಗಾಗಿ ಇಲ್ಲಿ ಒಂದೆರಡು ಮಾತು. ಅಂತರಜಾಲದಲ್ಲಿ ಒಬ್ಬ ವ್ಯಕ್ತಿ ತನ್ನದೇ ಪುಟ ತೆರೆದು, ತನಗೆ ತೋಚಿದ್ದನ್ನು ದಿನಾಂಕದ ಕ್ರಮದಲ್ಲಿ ಬರೆದಿಡುವುದಕ್ಕೆ ಬ್ಲಾಗ್ ಎಂದು ಹೆಸರು. ‘ವೆಬ್‌ಲಾಗ್’ ಎಂಬ ಪದ 1997ರಲ್ಲಿ ಹುಟ್ಟಿ, ಎರಡೇ ವರ್ಷದಲ್ಲಿ ತಲೆ ಕತ್ತರಿಸಿಕೊಂಡು ‘ಬ್ಲಾಗ್’ ಆಯಿತು. ಅದೇ 1999ರಲ್ಲಿ ಬ್ಲಾಗರ್ ಎಂಬ ಸೇವೆ ಬಂದು, ಕಂಪ್ಯೂಟರಿನ ಭಾಷೆ ಗೊತ್ತಿಲ್ಲದವರೂ ಪುಟ ತೆರೆಯಬಹುದಾಯಿತು. ಕನ್ನಡ ಅಂತರಜಾಲಕ್ಕೆ ಕಾಲಿಟ್ಟದ್ದು ಇದಕ್ಕೂ ಮೊದಲೇ. ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ಶುರುವಾದದ್ದು 1996ರಲ್ಲಿ. ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂದದ್ದು 1998ರಲ್ಲಿ. ಯುನಿಕೋಡ್ ಎಂಬ ಏಕರೂಪದ ಅಕ್ಷರ ವ್ಯವಸ್ಥೆ ಬಳಕೆಗೆ ಬಂದ ಮೇಲೆ, 2005ರಲ್ಲಿ ‘ಸಂಪದ’ದಂಥ ತಾಣ ಹುಟ್ಟಿದ ಆಸುಪಾಸಿನಲ್ಲಿ, ಕನ್ನಡ ಬ್ಲಾಗುಗಳಿಗೆ ಸುಗ್ಗಿಯೋ ಸುಗ್ಗಿ. ಒಬ್ಬರ ಬ್ಲಾಗಿನ ಪಕ್ಕದ ಪಟ್ಟಿಯಲ್ಲಿ ಹತ್ತು ಮಂದಿ ಸ್ನೇಹಿತರ ಬ್ಲಾಗುಗಳ ಹೆಸರಿರುತ್ತಿತ್ತು. ಓದುಗ ಒಂದು ಮನೆಯ ಹಿತ್ತಿಲಿನಿಂದ ಪಕ್ಕದ ಮನೆಗೆ ನುಸುಳುವ ಹಾಗೆ ಅಲ್ಲಿಂದ ಅಲ್ಲಿಗೆ ಹೋಗುತ್ತಿದ್ದ.

ಆಮೇಲೆ ಸಾಮಾಜಿಕ ಜಾಲತಾಣಗಳು ಬಂದವು. ಬರೆಯುವವರು ಅಲ್ಲಿಗೆ ಹೋದರು, ಓದುವವರೂ ಹೋದರು. ಬ್ಲಾಗುಗಳಿಗೆ ಬೀಗ ಬಿತ್ತು. ಈಗ ಒಬ್ಬ ಹುಡುಗ ತನ್ನೂರಿನ ಬಗ್ಗೆ ಬ್ಲಾಗು ತೆರೆದು ಕುಳಿತರೆ ಅದು ಊರ ಹೊರಗಿನ ಒಂಟಿ ಮನೆಯಂತೆ. ಜನ ಸೇರುವುದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂಗಳೆಂಬ ಸಂತೆಗಳಲ್ಲಿ. ಸಂತೆಗೆ ಹೋಗಿ ಕೂಗಿ ಜನರನ್ನು ಮನೆಗೆ ಕರೆತರುವುದು ಹೇಗೆ? ಇದು ನನ್ನೊಬ್ಬನ ಪ್ರಶ್ನೆಯಲ್ಲ, ಹೊಸಪೇಟೆಯಿಂದ ಸಂಡೂರಿನವರೆಗೆ ಊರಿನ ಕಥೆ ಬರೆದಿಟ್ಟುಕೊಂಡು ಓದುಗರಿಗಾಗಿ ಕಾಯುತ್ತಿರುವ ಹಲವರದು.

ಪ್ಯಾರಿಸಿನಲ್ಲಿ ಕಾದು ಕುಳಿತ ಬರಹ

ಓದುಗರಿಗಾಗಿ ಕಾಯುವುದರಲ್ಲಿ ನಮ್ಮ ಸೀಮೆಗೆ ಸಂಬಂಧಪಟ್ಟ ಒಂದು ಬರಹ ಎಲ್ಲರನ್ನೂ ಮೀರಿಸಿದೆ. ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪೇಸ್ 1520ರ ಸುಮಾರಿಗೆ ವಿಜಯನಗರಕ್ಕೆ ಬಂದ. ಕೃಷ್ಣದೇವರಾಯನನ್ನು ಕಣ್ಣಾರೆ ಕಂಡ. ಬಜಾರುಗಳಲ್ಲಿ ಮಾರುತ್ತಿದ್ದ ಮುತ್ತು ಮಾಣಿಕ್ಯ, ಮಹಾನವಮಿಯ ವೈಭವ, ಅರಸನ ಬೆಳಗಿನ ಸಾಮು, ಎಲ್ಲವನ್ನೂ ಬರೆದ. ಆಗ ರಾಯ ಕಟ್ಟಿಸುತ್ತಿದ್ದ ಒಂದು ದೊಡ್ಡ ಕೆರೆಯ ಕೆಲಸವನ್ನೂ ನೋಡಿದ. ಹದಿನೈದು ಇಪ್ಪತ್ತು ಸಾವಿರ ಮಂದಿ ಇರುವೆಗಳ ಹಾಗೆ ಮುತ್ತಿಕೊಂಡು ದುಡಿಯುತ್ತಿದ್ದರೆಂದು ದಾಖಲಿಸಿದ. ಹೊಸಪೇಟೆಯ ದಕ್ಷಿಣಕ್ಕೆ ಗುಡ್ಡಗಳ ನಡುವೆ ಏರಿ ಹಾಕಿದ ಆ ಕೆರೆಯನ್ನೇ ನಾವು ರಾಯರ ಕೆರೆ ಎನ್ನುವುದು. ಹದಿನೈದು ವರ್ಷದ ನಂತರ ಬಂದ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಇನ್ನೊಂದು ವೃತ್ತಾಂತ ಬರೆದ.

ಎರಡೂ ಹಡಗು ಹತ್ತಿ ಯುರೋಪಿಗೆ ಹೋದವು. ಹೋದ ಮೇಲೆ? ಸುಮಾರು 360 ವರ್ಷ, ಹೆಚ್ಚು ಕಡಿಮೆ ಯಾರ ಕಣ್ಣಿಗೂ ಬೀಳದೆ ಉಳಿದವು. ಕೊನೆಗೆ ಪ್ಯಾರಿಸಿನ ಗ್ರಂಥಾಲಯದಲ್ಲಿದ್ದ ಹಸ್ತಪ್ರತಿಯನ್ನು ಡೇವಿಡ್ ಲೋಪೆಸ್ ಎಂಬ ವಿದ್ವಾಂಸ 1897ರಲ್ಲಿ ಅಚ್ಚು ಹಾಕಿಸಿದ. ಅದೂ ಪೋರ್ಚುಗೀಸಿನಲ್ಲಿ. ಮದ್ರಾಸು ಪ್ರಾಂತದ ಸಿವಿಲ್ ಸರ್ವಿಸ್ ಅಧಿಕಾರಿಯಾಗಿದ್ದ ರಾಬರ್ಟ್ ಸೀವೆಲ್ ಅದನ್ನು ಇಂಗ್ಲಿಷಿಗೆ ತಂದು, ತನ್ನದೊಂದು ಇತಿಹಾಸವನ್ನೂ ಸೇರಿಸಿ, 1900ರಲ್ಲಿ ‘ಎ ಫರ್ಗಾಟನ್ ಎಂಪೈರ್’ ಎಂಬ ಹೆಸರಿನಲ್ಲಿ ಪ್ರಕಟಿಸಿದ. ಮರೆತುಹೋದ ಸಾಮ್ರಾಜ್ಯ! ಆ ತಲೆಬರಹ ಕಂಡವನು ಪುಸ್ತಕ ತೆರೆಯದೆ ಇರಲಾರ. (ಹೆಸರು ಪೂರ್ತಿ ನಿಜವಲ್ಲ ಎಂಬುದು ಬೇರೆ ಮಾತು. ಮರೆತವರು ಮದ್ರಾಸು ಲಂಡನ್ನುಗಳಲ್ಲಿದ್ದರು. ಕಂಪ್ಲಿಯ ಕಡೆ ಕುಮಾರರಾಮನ ಕಥೆ ಹೇಳುತ್ತಿದ್ದವರು, ಹಂಪಿ ತೇರಿಗೆ ಗಾಡಿ ಕಟ್ಟುತ್ತಿದ್ದವರು ಏನನ್ನೂ ಮರೆತಿರಲಿಲ್ಲ.)

ಪೇಸ್ ಬರೆದದ್ದರಲ್ಲಿ ಕೊರತೆಯೇನೂ ಇರಲಿಲ್ಲ. 1530ರಲ್ಲಿ ಎಷ್ಟು ಚೆನ್ನಾಗಿತ್ತೋ 1900ರಲ್ಲೂ ಅಷ್ಟೇ ಚೆನ್ನಾಗಿತ್ತು. ಬರಹ ಇದ್ದ ಜಾಗಕ್ಕೂ ಜನ ಓಡಾಡುವ ಜಾಗಕ್ಕೂ ನಡುವೆ ದಾರಿ ಇರಲಿಲ್ಲ, ಅಷ್ಟೆ. ಸೀವೆಲ್ ಆ ದಾರಿ ಹಾಕಿದ. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಸಂತೆಯಲ್ಲಿ ನಿಂತು ಲಿಂಕ್ ಹಂಚಿದ.

ನಮ್ಮ ಕನ್ನಡದವರು ಇದನ್ನು ಇನ್ನೂ ಚೆನ್ನಾಗಿ ಬಲ್ಲವರಾಗಿದ್ದರು. ಆಲೂರು ವೆಂಕಟರಾಯರು 1905ರಲ್ಲಿ ಹಂಪಿಗೆ ಬಂದು, ಕಂಡದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಿ, ಊರೂರಿನ ಭಾಷಣಗಳಲ್ಲಿ, ಪತ್ರಿಕೆಗಳಲ್ಲಿ ಹೇಳುತ್ತ ಬಂದರು. ‘ಕರ್ನಾಟಕ ಗತವೈಭವ’ ಪುಸ್ತಕವಾಗಿ ಬಂದದ್ದು 1917ರಲ್ಲಿ. ಅಂದರೆ ಮನೆ ಕಟ್ಟುವುದಕ್ಕಿಂತ ಮೊದಲೇ ಅವರು ಹನ್ನೆರಡು ವರ್ಷ ಬಜಾರಿನಲ್ಲಿ ನಿಂತಿದ್ದರು. ವಿಜಯನಗರದ ಸ್ಥಾಪನೆಯ ಮೇಲೆ ‘ಮಾಧವ ಕರುಣಾ ವಿಲಾಸ’ ಬರೆದ ಗಳಗನಾಥರಂತೂ ಪುಸ್ತಕದ ಗಂಟನ್ನು ಹೊತ್ತು ಊರಿಂದ ಊರಿಗೆ ನಡೆದವರು. ಜಗಲಿಯ ಮೇಲೆ ಕೂತು ನಾಲ್ಕು ಮಾತು ಆಡಿ, ಕಥೆಯ ರುಚಿ ಹತ್ತಿಸಿ, ಪುಸ್ತಕ ಕೊಟ್ಟು ಮುಂದಿನ ಊರಿಗೆ ಹೋಗುವುದು. ನನಗೆ ಈ ನಾಲ್ಕು ಮಾತು ಮುಖ್ಯವಾಗಿ ಕಾಣುತ್ತದೆ. ಪುಸ್ತಕವನ್ನು ಜಗಲಿಗೆ ಎಸೆದು ಹೋಗಿದ್ದರೆ ಯಾರು ತೆರೆಯುತ್ತಿದ್ದರು?

ನಾನು ಕಳೆದುಕೊಂಡದ್ದು

ಈಗ ನನ್ನದೇ ಒಂದು ಕಥೆ ಹೇಳಬೇಕು, ಹೇಳಿಕೊಳ್ಳಲು ಹೆಮ್ಮೆಯದೇನಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಓದುತ್ತಿದ್ದಾಗ ನಮ್ಮ ಕಾಲುವೆಗಳ ಬಗ್ಗೆ ಸರಣಿಯೊಂದನ್ನು ಬರೆಯತೊಡಗಿದೆ. ತುಂಗಭದ್ರೆಯ ಬಲದಂಡೆಯಲ್ಲಿ ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತು ಕಾಲುವೆ, ರಾಮಸಾಗರ, ಕಂಪ್ಲಿ ಎಂದು ವಿಜಯನಗರದ ಕಾಲದ ಕಾಲುವೆಗಳು ಇವತ್ತಿಗೂ ಗದ್ದೆ ತೋಟಗಳಿಗೆ ನೀರುಣಿಸುತ್ತಿವೆ. 1953ರಲ್ಲಿ ಅಣೆಕಟ್ಟೆ ಬಂದು ಕೆಲವಕ್ಕೆ ಮೂಲದ ಒಡ್ಡುಗಳೇ ಮುಳುಗಿ, ಅವು ಈಗ ಜಲಾಶಯದಿಂದ ನೇರವಾಗಿ ನೀರು ಪಡೆಯುತ್ತವೆ. ಹಂಪಿಯ ಕಲ್ಲು ನೋಡಲು ಪ್ರಪಂಚವೇ ಬರುತ್ತದೆ; ಅದೇ ಕಾಲದ, ಇನ್ನೂ ಉಸಿರಾಡುತ್ತಿರುವ ಈ ಕಾಲುವೆಗಳ ಕಡೆ ತಿರುಗಿ ನೋಡುವವರಿಲ್ಲವಲ್ಲ ಎಂಬುದು ನನ್ನ ಸಂಕಟ.

ಸರಣಿಯನ್ನು ನಾನು ಒಂದು ಸಾಮಾಜಿಕ ಜಾಲತಾಣದಲ್ಲೇ ನೇರವಾಗಿ ಬರೆದೆ. ಜನ ಅಲ್ಲಿದ್ದರು, ಬರೆದ ಕೂಡಲೇ ಮೆಚ್ಚುಗೆ ಸಿಗುತ್ತಿತ್ತು, ಇನ್ನೇನು ಬೇಕು? ಬರಹಕ್ಕಿಂತ ಅದರ ಕೆಳಗೆ ಬರುತ್ತಿದ್ದ ಮಾತುಗಳೇ ಬೆಲೆಯುಳ್ಳವಾಗಿದ್ದವು. ಯಾವ ತೂಬಿಗೆ ಯಾವ ಹೆಸರು, ಯಾವ ಓಣಿಯ ಗದ್ದೆಗೆ ಯಾವ ದಿನ ನೀರಿನ ಪಾಳಿ, ನೀರುಗಂಟಿಗೆ ಸುಗ್ಗಿಯಲ್ಲಿ ಕೊಡುತ್ತಿದ್ದ ಕಾಳು ಎಷ್ಟು ಎಂದು ಯಾರ‍್ಯಾರದೋ ಅಜ್ಜಂದಿರ ನೆನಪುಗಳು ಮೊಮ್ಮಕ್ಕಳ ಬೆರಳಿನಿಂದ ಅಲ್ಲಿ ಬಂದು ಬೀಳುತ್ತಿದ್ದವು. ಒಂದು ಬೆಳಿಗ್ಗೆ ನನ್ನ ಖಾತೆ ತೆರೆಯಲಿಲ್ಲ. ಕಳ್ಳರು ನುಗ್ಗಿದ್ದರೋ, ನಿಯಮ ಮೀರಿದ್ದೇನೆಂದು ಯಂತ್ರಕ್ಕೆ ಅನಿಸಿತೋ, ಇಂದಿಗೂ ತಿಳಿದಿಲ್ಲ. ಬರೆದ ದೂರಿಗೆ ಯಂತ್ರವೇ ಉತ್ತರ ಕೊಟ್ಟಿತು. ನನ್ನ ಬರಹದ ಕರಡು ಹೇಗೋ ನನ್ನಲ್ಲಿತ್ತು. ಜನರ ಮಾತುಗಳ ನಕಲು ಇರಲಿಲ್ಲ.

ಬ್ಲಾಗು ತೆರೆದದ್ದು ಆಮೇಲೆ. ಹಾಗಾಗಿ ಜಾಲತಾಣ ಬೇಡವೇ ಬೇಡ ಎಂಬ ವೈರಾಗ್ಯ ನನ್ನದಲ್ಲ. ಬಿಟ್ಟರೆ ಬೆರಳೆಣಿಕೆಯ ಓದುಗರೇ ಗತಿ ಎಂದು ಮೇಲೆ ಹೇಳಿದೆ. ಅಲ್ಲಿ ಕೂಗಬೇಕು, ಆದರೆ ಗಂಟುಮೂಟೆ ಮನೆಯಲ್ಲಿರಬೇಕು. ಕೂಗುವ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಅಂದಿನಿಂದ ನೋಡುತ್ತ ಬಂದಿದ್ದೇನೆ.

ಮೊದಲನೆಯದು ಅಕ್ಷರದ ವಿಷಯ. ನಮ್ಮ ಊರುಗಳಲ್ಲಿ ಇಂದಿಗೂ ಆಮಂತ್ರಣ ಪತ್ರಿಕೆ, ಕರಪತ್ರ, ಪುಸ್ತಕ ಎಲ್ಲ ಡಿಟಿಪಿ ಅಂಗಡಿಗಳಲ್ಲಿ ಹಳೆಯ ಫಾಂಟುಗಳಲ್ಲೇ ಸಿದ್ಧವಾಗುವುದು ಹೆಚ್ಚು. ಅದನ್ನು ಹಾಗೆಯೇ ಎತ್ತಿ ಜಾಲದಲ್ಲಿ ಹಾಕಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಯುನಿಕೋಡಿಗೆ ಪರಿವರ್ತಿಸಿಕೊಳ್ಳದ ಬರಹವನ್ನು ಗೂಗಲ್ ಹುಡುಕಿ ಕೊಡಲಾರದು. ಬರಹವನ್ನು ಚಿತ್ರವಾಗಿ ಹಾಕುವವರದೂ ಇದೇ ಪಾಡು. ಇನ್ನೊಂದು ತೊಡಕು ಹೆಸರುಗಳದು. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿ ‘ಹಾಸ್ಪೆಟ್’ ಹೋಗಿ ‘ಹೊಸಪೇಟೆ’ ಬಂತು. ಹುಡುಕುವವರು ಎರಡನ್ನೂ ಹುಡುಕುತ್ತಾರೆ. ‘ಸಂಡೂರು’ ಎಂದು ಬರೆದರೆ ‘ಸೊಂಡೂರು’ ಎಂದು ಹುಡುಕುವವನಿಗೆ ಸಿಗದೆ ಹೋಗಬಹುದು. ಎರಡೂ ರೂಪ ಬರಹದಲ್ಲಿ ಎಲ್ಲಾದರೂ ಬರುವಂತೆ ನೋಡಿಕೊಳ್ಳುವುದು ವ್ಯಾಕರಣದ ದೃಷ್ಟಿಯಿಂದ ಅಷ್ಟೇನೂ ಚಂದವಲ್ಲ, ಪ್ರಯೋಜನ ಮಾತ್ರ ಇದೆ.

ಎರಡನೆಯದು, ನೀವು ಹಂಚುವ ಲಿಂಕಿನ ಮುಖ. ಬ್ಲಾಗಿನ ವಿಳಾಸವನ್ನು ಫೇಸ್‌ಬುಕ್ಕಿನಲ್ಲೋ ವಾಟ್ಸ್‌ಆ್ಯಪಿನಲ್ಲೋ ಅಂಟಿಸಿದೊಡನೆ ಒಂದು ಚೌಕಟ್ಟು ತಾನಾಗಿ ಮೂಡುತ್ತದೆ: ಒಂದು ಚಿತ್ರ, ತಲೆಬರಹ, ಒಂದೆರಡು ಸಾಲು. ನಿಮ್ಮ ಪುಟದೊಳಗೆ ಕಣ್ಣಿಗೆ ಕಾಣದಂತೆ ಬರೆದಿಟ್ಟ ಸೂಚನೆಗಳನ್ನು ಓದಿ ಜಾಲತಾಣ ಇದನ್ನು ಕಟ್ಟಿಕೊಳ್ಳುತ್ತದೆ. ಈ ಪದ್ಧತಿಯನ್ನು ಫೇಸ್‌ಬುಕ್ 2010ರಲ್ಲಿ ರೂಢಿಗೆ ತಂದಿತು. ಬ್ಲಾಗಿನಲ್ಲಿ ಆ ಜಾಗಗಳನ್ನು ತುಂಬದೆ ಬಿಟ್ಟರೆ ಅದು ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತದೆ. ಬಸವಣ್ಣ ಕಾಲುವೆಯ ಲೇಖನಕ್ಕೆ ನಾಲ್ಕು ದಿನ ನನ್ನ ನಿದ್ದೆಗಣ್ಣಿನ ಫೋಟೋ ಮೆರೆಯಿತು. ಯಾರೂ ಒತ್ತಲಿಲ್ಲ. ಅವರ ತಪ್ಪೇನೂ ಇಲ್ಲ.

ಜಾಲತಾಣಗಳಿಗೆ ಹೊರಗಿನ ಲಿಂಕ್ ಎಂದರೆ ಅಷ್ಟಕ್ಕಷ್ಟೇ ಎಂಬುದನ್ನೂ ತಿಳಿದಿರಬೇಕು. ಅವುಗಳ ಸಂಪಾದನೆ ಇರುವುದು ಜಾಹೀರಾತಿನಲ್ಲಿ. ಜನ ಒಳಗಿದ್ದಷ್ಟು ಹೊತ್ತೂ ಜಾಹೀರಾತು ನೋಡುತ್ತಾರೆ. ತನ್ನ ಸಂತೆಯಿಂದ ಗಿರಾಕಿಯನ್ನು ಹೊರಗೆ ಕರೆದೊಯ್ಯುವವನನ್ನು ಯಾವ ಸಂತೆಯ ಗುತ್ತಿಗೆದಾರ ಮೆಚ್ಚುತ್ತಾನೆ? 2018ರ ಜನವರಿಯಲ್ಲಿ ಫೇಸ್‌ಬುಕ್, ಇನ್ನು ಮುಂದೆ ಪತ್ರಿಕೆಗಳು, ವ್ಯಾಪಾರಿ ಪುಟಗಳಿಗಿಂತ ಗೆಳೆಯರು ಮತ್ತು ಮನೆಯವರ ಮಾತಿಗೆ ಹೆಚ್ಚು ಜಾಗ ಎಂದು ಪ್ರಕಟಿಸಿತು. ಹಿಂದೆ ಟ್ವಿಟರ್ ಎಂದಿದ್ದ ಎಕ್ಸ್‌ನ ಒಡೆಯ ಇಲಾನ್ ಮಸ್ಕ್ 2024ರ ನವೆಂಬರಿನಲ್ಲಿ, ಮುಖ್ಯ ಪೋಸ್ಟಿನಲ್ಲಿ ವಿವರಣೆ ಬರೆದು ಲಿಂಕನ್ನು ಕೆಳಗಿನ ಉತ್ತರದಲ್ಲಿ ಹಾಕಿ ಎಂದು ಸಲಹೆ ಕೊಟ್ಟರು. ಇನ್‌ಸ್ಟಾಗ್ರಾಂನಲ್ಲಿ ಚಿತ್ರದ ಕೆಳಗೆ ವಿಳಾಸ ಬರೆದರೆ ಅದು ಒತ್ತಿದರೂ ತೆರೆಯದ ಬರೀ ಅಕ್ಷರ. ಸ್ವಪರಿಚಯದ ಜಾಗದಲ್ಲೋ ಒಂದು ದಿನ ಮಾತ್ರ ಉಳಿಯುವ ‘ಸ್ಟೋರಿ’ಯಲ್ಲೋ ಹಾಕಬೇಕು. ಲಿಂಕನ್ನು ಮೊದಲ ಕಾಮೆಂಟಿನಲ್ಲಿ ಬಚ್ಚಿಡಿ, ರಾತ್ರಿ ಎಂಟಕ್ಕೇ ಹಾಕಿ ಎಂದೆಲ್ಲ ಉಪಾಯ ಹೇಳುವವರು ಬಹಳ ಮಂದಿ ಇದ್ದಾರೆ. ಕೆಲವನ್ನು ಪ್ರಯತ್ನಿಸಿದೆ. ಗಿಣಿ ಶಾಸ್ತ್ರಕ್ಕಿಂತ ಹೆಚ್ಚಿನ ನಂಬಿಕೆ ಇಡಬೇಕಾಗಿಲ್ಲ ಎಂದು ನನ್ನ ಅನುಭವ.

ಫಲ ಕೊಟ್ಟದ್ದು ಗಳಗನಾಥರ ದಾರಿಯೇ. ಲಿಂಕ್ ಎಸೆದು ಓಡದೆ, ನಾಲ್ಕು ಮಾತು ಅಲ್ಲೇ ಆಡುವುದು. ಲಿಂಕ್ ಒತ್ತದವನಿಗೂ ಏನಾದರೊಂದು ದಕ್ಕಬೇಕು. ಕಲ್ಲಿನ ರಥದ ಚಿತ್ರ ಹಾಕಿದರೆ ಯಾರೂ ನಿಲ್ಲುವುದಿಲ್ಲ. 2017ರಿಂದ ಅದು ಐವತ್ತು ರೂಪಾಯಿ ನೋಟಿನ ಮೇಲೆ ಎಲ್ಲರ ಜೇಬಿನಲ್ಲೂ ಇದೆ. ಕಾಲುವೆಯೊಂದರ ಹಳೆಯ ತೂಬಿನ ಚಿತ್ರ ಹಾಕಿ, ‘ಈ ಕಲ್ಲಿನ ನಡುವಿನ ತೂತು ಏಕೆಂದು ಬಲ್ಲಿರಾ?’ ಎಂದು ಕೇಳಿದಾಗ ಜನ ನಿಂತರು, ಜಗಳವಾಡಿದರು, ಕೊನೆಗೆ ಉತ್ತರಕ್ಕಾಗಿ ಬ್ಲಾಗಿಗೂ ಬಂದರು. ಎಲ್ಲರೂ ಬಂದರೆಂದು ಭ್ರಮೆ ಬೇಡ. ಬಸ್ ನಿಲ್ದಾಣದ ಬಳಿ ಚಹಾ ಕುಡಿಯುವಾಗ ಸಿಕ್ಕ ಗೆಳೆಯನೊಬ್ಬನನ್ನು, ‘ಲೈಕ್ ಹಾಕಿದ್ದೆಯಲ್ಲ, ಓದಿದೆಯಾ?’ ಎಂದು ಕೇಳಿದೆ. ‘ಓದಾಕ ಟೈಮ್ ಎಲ್ಲೈತಪಾ? ಫೋಟೋ ಚೆಂದಿತ್ತು, ಒತ್ತಿದೆ’ ಎಂದ. ಲೈಕು ಬೇರೆ, ಓದು ಬೇರೆ ಎಂಬ ಜ್ಞಾನಕ್ಕೆ ಕೊಟ್ಟ ಬೆಲೆ ಎರಡು ಚಹಾ.

ನಮ್ಮ ಕಡೆಯ ನಿಜವಾದ ಸಂತೆ ವಾಟ್ಸ್‌ಆ್ಯಪ್. ಹೈಸ್ಕೂಲಿನ ಬ್ಯಾಚು, ಜಾತ್ರೆಯ ಸಮಿತಿ, ಬೆಂಗಳೂರಿನಲ್ಲಿರುವ ಊರವರು, ರೈತರು, ಎಲ್ಲಕ್ಕೂ ಒಂದೊಂದು ಗುಂಪು. ಇಲ್ಲಿ ಯಂತ್ರ ನಡುವೆ ನಿಂತು ಯಾರಿಗೆ ತೋರಿಸಲಿ, ಯಾರಿಗೆ ಬೇಡ ಎಂದು ಲೆಕ್ಕ ಹಾಕುವುದಿಲ್ಲ. ಕಳಿಸಿದ್ದು ಎಲ್ಲರಿಗೂ ತಲುಪುತ್ತದೆ. ಆದರೆ ಗುಂಪಿನ ಹಿರಿಯರು ನಡುವೆ ಇರುತ್ತಾರೆ. ದಿನಕ್ಕೊಂದು ಲಿಂಕ್ ಹಾಕಿದ ನನ್ನನ್ನು ಒಂದು ಗುಂಪಿನಿಂದ ಮುಲಾಜಿಲ್ಲದೆ ಹೊರಗೆ ಹಾಕಿದರು. ಸರಿಯಾಗಿಯೇ ಮಾಡಿದರು, ಶುಭಕೋರಿಕೆಗಳಿಗೂ ಮದುವೆ ಕರೆಗಳಿಗೂ ನಡುವೆ ನನ್ನ ಕಾಲುವೆ ಯಾರಿಗೆ ಬೇಕಿತ್ತು? ಫಾರ್ವರ್ಡ್ ಆಗಿ ಬಂದದ್ದಕ್ಕೆ ಈಗ ಬೆಲೆಯೂ ಕಡಿಮೆ. ಸುಳ್ಳು ಸುದ್ದಿಯಿಂದ ಅನಾಹುತಗಳಾದ ಮೇಲೆ 2018ರಲ್ಲಿ ವಾಟ್ಸ್‌ಆ್ಯಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಮುಂದೂಡಬಹುದೆಂದು ಮಿತಿ ಹಾಕಿತು. ಇದು ನಮ್ಮಂಥವರಿಗೆ ನಷ್ಟವಲ್ಲ. ಕಂಪ್ಲಿಯ ಬರಹವನ್ನು ಕಂಪ್ಲಿಯವರ ಒಂದೇ ಗುಂಪಿಗೆ, ‘ನಿಮ್ಮ ಓಣಿಯ ಹೆಸರು ಇದರಲ್ಲಿದೆ, ತಪ್ಪಿದ್ದರೆ ತಿದ್ದಿ’ ಎಂಬ ಒಂದು ಸಾಲಿನೊಂದಿಗೆ ಕಳಿಸಿದಾಗ ಬಂದಷ್ಟು ಓದುಗರು, ಹತ್ತು ಗುಂಪಿಗೆ ಎರಚಿದಾಗ ಬರಲಿಲ್ಲ.

ಗೇಟು ಕೊಚ್ಚಿಹೋದ ವಾರ

ಕೂಗಿಗೆ ಹೊತ್ತು ಎಂಬುದೊಂದಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಬೆಳಗಾಗುವಷ್ಟರಲ್ಲಿ ಪ್ರತಿಯೊಂದು ಫೋನಿನಲ್ಲೂ ನೊರೆಯುಕ್ಕುವ ನೀರಿನ ವಿಡಿಯೊ. ಜೊತೆಗೆ ವದಂತಿ: ಡ್ಯಾಮೇ ಒಡೆಯಿತಂತೆ, ಕಂಪ್ಲಿ ಖಾಲಿ ಮಾಡಿಸುತ್ತಾರಂತೆ. ನದಿಗೆ ಹೆಚ್ಚು ನೀರು ಬಿಟ್ಟ ವರ್ಷಗಳಲ್ಲೆಲ್ಲ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುವುದನ್ನು ಕಂಡ ಜನಕ್ಕೆ ದಿಗಿಲು ಸಹಜವೇ.

ನನ್ನ ಬ್ಲಾಗಿನಲ್ಲಿ ಕಾಲುವೆಗಳ ಸರಣಿಯ ಮೊದಲ ಭಾಗವಾಗಿ ಅಣೆಕಟ್ಟೆಯ ರಚನೆಯ ಬಗ್ಗೆ ಬರೆದಿಟ್ಟದ್ದು ಇತ್ತು. ಕಚೇರಿಯ ಕೆಲಸ ಮುಗಿಸಿ, ನಡುರಾತ್ರಿಯಲ್ಲಿ ಐದಾರು ಸಾಲು ಬರೆದೆ: ಕಟ್ಟೆಯ ಗೋಡೆ ಬೇರೆ, ಅದರ ನೆತ್ತಿಯ ಮೇಲೆ ನಿಂತ ಗೇಟುಗಳು ಬೇರೆ, ಅಂಥ ಗೇಟು 33 ಇವೆ, ಹೋದದ್ದು ಒಂದು, ಉಳಿದವನ್ನೂ ತೆರೆದದ್ದು ಒತ್ತಡ ಇಳಿಸುವುದಕ್ಕೆ, ಗೇಟಿನ ಮಟ್ಟಕ್ಕಿಂತ ಕೆಳಗಿನ ನೀರು ಕಟ್ಟೆಯ ಹಿಂದೆಯೇ ಉಳಿಯುತ್ತದೆ. ಕೆಳಗೆ ಬ್ಲಾಗಿನ ವಿಳಾಸ. ಆ ವಾರ ಬಂದಷ್ಟು ಜನ ಅದಕ್ಕೆ ಹಿಂದೆಯೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಕಣ್ಣಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಎಂಜಿನಿಯರುಗಳು, ಕಾರ್ಮಿಕರು ಹರಿಯುವ ನೀರಿಗೇ ಉಕ್ಕಿನ ತುಂಡುಗಳನ್ನು ಇಳಿಸಿ ಕಂಡಿ ಮುಚ್ಚಿದರು. ಮುಚ್ಚಿದ ಮರುದಿನವೇ ನನ್ನ ಬ್ಲಾಗಿನ ನೆರೆಯೂ ಇಳಿಯಿತು!

ಬಂದವರೆಲ್ಲ ಓದುಗರಲ್ಲ ಎಂಬುದು ಆಗ ಸ್ಪಷ್ಟವಾಯಿತು. ಆದರೆ ನೆರೆ ಇಳಿದ ಮೇಲೆ ಸ್ವಲ್ಪ ಗೋಡು ಉಳಿದಿತ್ತು. ಗೇಟಿನ ಬಗ್ಗೆ ಓದಲು ಬಂದವರಲ್ಲಿ ಕೆಲವರು ಪಕ್ಕದಲ್ಲಿದ್ದ ಕಾಲುವೆಯ ಕಥೆಗಳಿಗೆ ಹೋದರು, ಮುಂದಿನ ವಾರ ಮತ್ತೆ ಬಂದರು. ಗುಡಿಗೆ ಬಂದವನು ಒಂದು ದೇವರಿಗೆ ಕೈಮುಗಿದು ಹೊರಟಾಗ ಪಕ್ಕದ ಗುಡಿಗೆ ದಾರಿ ಕಾಣುವ ಹಾಗಿರಬೇಕು. ಪ್ರತಿ ಬರಹದ ಕೊನೆಯಲ್ಲಿ ಇನ್ನೊಂದು ಬರಹದ ಹೆಸರು ಹಾಕಿಡುವ ಅಭ್ಯಾಸ ಅಂದಿನಿಂದ ಬಂತು. ಭಯದ ಹೊತ್ತಿನಲ್ಲಿ ಜನರನ್ನು ಕರೆಯುವುದು ಸರಿಯೇ ಎಂಬ ಅಳುಕು ನನಗೂ ಇತ್ತು. ಗೊತ್ತಿರುವುದನ್ನು ಮಾತ್ರ ಹೇಳಿದ್ದರೆ ಅಳುಕಬೇಕಾಗಿಲ್ಲ ಎಂದು ಸಮಾಧಾನ ಹೇಳಿಕೊಂಡಿದ್ದೇನೆ. ‘ಡ್ಯಾಮ್ ಒಡೆಯಿತೇ?’ ಎಂದು ತಲೆಬರಹ ಕೊಟ್ಟಿದ್ದರೆ ಹತ್ತು ಪಟ್ಟು ಜನ ಬರುತ್ತಿದ್ದರೇನೋ. ಬರುತ್ತಿದ್ದರು, ಮತ್ತೆ ಎಂದೂ ನಂಬುತ್ತಿರಲಿಲ್ಲ.

ಮತ್ತೆ ವಿರೂಪಾಕ್ಷ ಬಜಾರಿಗೆ ಬರೋಣ. ಆ ಕಲ್ಲು ಮಂಟಪಗಳಲ್ಲಿ ಬಹುಕಾಲ ಅಂಗಡಿಗಳಿದ್ದವು, ಹೋಟೆಲುಗಳಿದ್ದವು, ಸಂಸಾರಗಳೇ ಇದ್ದವು. 2011ರ ಜುಲೈ ಕೊನೆಯಲ್ಲಿ ಜೆಸಿಬಿಗಳು ಬಂದು ಮಂಟಪಗಳಿಗೆ ಅಂಟಿಸಿ ಕಟ್ಟಿಕೊಂಡದ್ದನ್ನೆಲ್ಲ ಕೆಡವಿದವು. ಅಲ್ಲಿದ್ದವರಿಗೆ ಕಡ್ಡಿರಾಂಪುರದ ಬಳಿ ಜಾಗ ಎಂದಾಯಿತು. ಸ್ಮಾರಕ ಉಳಿಯಬೇಕೆಂಬುದು ಒಂದು ನ್ಯಾಯ, ಬದುಕು ಕಟ್ಟಿಕೊಂಡವರ ಸಂಕಟ ಇನ್ನೊಂದು ನ್ಯಾಯ; ಅದು ಈ ಲೇಖನದ ವ್ಯಾಪ್ತಿಯದಲ್ಲ. ಮಂಟಪ ತನ್ನದಲ್ಲದಿದ್ದವನಿಗೆ ಒಂದು ಬೆಳಿಗ್ಗೆ ಏನಾಗಬಹುದು ಎಂಬುದಷ್ಟೇ ಇಲ್ಲಿಯ ಮಾತು. ಜಾಲತಾಣಗಳಲ್ಲಿ ನಾವೆಲ್ಲ ಪರರ ಮಂಟಪದಲ್ಲಿ ಅಂಗಡಿ ಹಾಕಿದವರು. 2004ರಲ್ಲಿ ಬಂದ ಆರ್ಕುಟ್ 2014ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಅಲ್ಲಿದ್ದ ಕನ್ನಡ ಸಮುದಾಯಗಳ ಚರ್ಚೆಗಳೂ ಈಗ ಇಲ್ಲ. ಗೂಗಲ್ ಪ್ಲಸ್ 2019ರಲ್ಲಿ ಹೋಯಿತು. ಟಿಕ್‌ಟಾಕ್ ಮೇಲೆ ಭಾರತ ಸರ್ಕಾರ 2020ರ ಜೂನ್ 29ರಂದು ನಿಷೇಧ ಹೇರಿತು. ನಮ್ಮೂರ ಹುಡುಗರು ಲಕ್ಷಗಟ್ಟಲೆ ನೋಡುಗರನ್ನು ಒಂದು ರಾತ್ರಿಯಲ್ಲಿ ಕಳೆದುಕೊಂಡರು.

ಬ್ಲಾಗಾದರೂ ಪೂರ್ತಿ ಸ್ವಂತ ಮನೆಯೇ? ಪುಕ್ಕಟೆ ಸಿಗುವ ಬ್ಲಾಗು ಕೂಡ ಯಾವುದೋ ಕಂಪನಿಯ ಜಾಗದಲ್ಲಿ ಎದ್ದದ್ದೇ. ವರ್ಷಕ್ಕೆ ಇಷ್ಟು ಎಂದು ಹಣ ಕಟ್ಟಿ ಸ್ವಂತ ಹೆಸರಿನ ವಿಳಾಸ ಪಡೆದರೆ, ನಾಳೆ ಮನೆ ಬದಲಿಸಿದರೂ ವಿಳಾಸ ಬದಲಾಗದು. ತಿಂಗಳಿಗೊಮ್ಮೆ ಎಲ್ಲದರ ನಕಲು ಇಳಿಸಿಕೊಂಡು ಪೆನ್‌ಡ್ರೈವಿಗೆ ಹಾಕಿಡುತ್ತೇನೆ, ಜನರ ಮಾತುಗಳನ್ನೂ ಸೇರಿಸಿ. ಒಮ್ಮೆ ಸುಟ್ಟುಕೊಂಡವನ ಎಚ್ಚರ ಇದು. ಇದರ ಜೊತೆಗೆ ಒಂದು ನೋಟ್‌ಬುಕ್ಕಿದೆ. ‘ಹೊಸದು ಬರೆದಾಗ ತಿಳಿಸಿ’ ಎಂದವರ ಹೆಸರು, ಫೋನ್ ನಂಬರು ಅದರಲ್ಲಿವೆ. ವಾಟ್ಸ್‌ಆ್ಯಪಿನ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ ಅವರಿಗಷ್ಟೇ ಕಳಿಸುತ್ತೇನೆ. ಒಂದು ಪಟ್ಟಿಯಲ್ಲಿ 256 ಮಂದಿಗೆ ಮಾತ್ರ ಅವಕಾಶ. ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ನನ್ನ ಪಟ್ಟಿ ಆ ಮಿತಿಗೆ ಇನ್ನೂ ಬಹಳ ದೂರದಲ್ಲಿದೆ. ಆದರೆ ನಾಳೆ ಯಾವ ತಾಣ ಮುಚ್ಚಿದರೂ ನೋಟ್‌ಬುಕ್ಕು ಮೇಜಿನ ಮೇಲೆಯೇ ಇರುತ್ತದೆ.

ಕಳೆದುಹೋದ ಮಾತುಗಳಲ್ಲಿ ಒಂದೂ ಮರಳಿ ಸಿಗಲಾರದೆಂದೇ ಅಂದುಕೊಂಡಿದ್ದೆ. ಕೆಲವು ತಿಂಗಳ ಹಿಂದೆ ಕಂಪ್ಲಿಯವರ ಆ ಗುಂಪಿಗೆ ಕಳಿಸಿದ್ದ ಲಿಂಕನ್ನು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗನೊಬ್ಬ ತೆರೆದು, ಊರಿಗೆ ಫೋನು ಮಾಡಿದಾಗ ತನ್ನ ಅಜ್ಜನಿಗೆ ಓದಿ ಹೇಳಿದನಂತೆ. ಅಜ್ಜ ಒಂದು ಕಾಲದಲ್ಲಿ ನೀರುಗಂಟಿ. ಅಕ್ಷರ ಒತ್ತಲು ಬಾರದು. ಮನೆಯವರ ಫೋನಿನಿಂದ ನಾಲ್ಕು ನಿಮಿಷದ ಧ್ವನಿ ಸಂದೇಶ ಕಳಿಸಿದರು. ನಾನು ಬರೆದ ತೂಬುಗಳ ಹೆಸರಿನಲ್ಲಿ ಎರಡು ಅದಲುಬದಲಾಗಿದ್ದವು. ಮೇಲಿನಿಂದ ಕೆಳಗಿನವರೆಗೆ ಒಂದೊಂದನ್ನೇ ಹೆಸರಿಟ್ಟು ಹೇಳಿದರು, ನಡುನಡುವೆ ಕೆಮ್ಮುತ್ತ. ಅಕ್ಷರಕ್ಕೆ ಅಕ್ಷರ ಬರೆದುಕೊಂಡು ಅದೇ ಲೇಖನದ ಕೆಳಗೆ ಹಾಕಿದ್ದೇನೆ. ಸಂದೇಶದ ಕೊನೆಯಲ್ಲಿ ಅವರು ಹೇಳಿದ್ದು: ‘ಬಾಯಿಲೆ ಹೇಳಿದ್ರ ನಿನಗ ತಿಳಿಯಂಗಿಲ್ಲ ತಮ್ಮಾ. ಕಾಲುವಿ ನೀರು ನಿಲ್ಲಿಸಿದಾಗ ಬಾ, ತೂಬಿನ ಕಲ್ಲು ಕಾಣ್ತಾವು. ಕರಕೊಂಡು ಹೋಗಿ ತೋರಿಸ್ತೀನಿ.’